ಅಲ್ಜೀರ್ಸಿನಲ್ಲಿ ಆ ನಾಲ್ಕು ದಿನ ಯಾರು ಯಾರ ಮಾತು ಕೇಳಿದರು

1961ರ ಏಪ್ರಿಲ್ 21, ಶುಕ್ರವಾರ ರಾತ್ರಿ. ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಆಲ್ಜೀರಿಯಾದ ರಾಜಧಾನಿ ಅಲ್ಜೀರ್ಸ್ ನಗರದ ಪಶ್ಚಿಮಕ್ಕೆ, ಸಮುದ್ರದ ದಂಡೆಯಲ್ಲಿರುವ ಜೆರಾಲ್ಡಾ ಶಿಬಿರದಿಂದ ಲಾರಿಗಳ ಸಾಲೊಂದು ನಗರದ ಕಡೆಗೆ ಹೊರಟಿತು. ಲಾರಿಗಳಲ್ಲಿದ್ದವರು ಫ್ರಾನ್ಸಿನ ವಿದೇಶಿ ದಳದ ಮೊದಲನೇ ಪ್ಯಾರಾಟ್ರೂಪರ್ ರೆಜಿಮೆಂಟಿನವರು. ಆಲ್ಜೀರಿಯಾದಲ್ಲಿದ್ದ ಇಡೀ ಫ್ರೆಂಚ್ ಸೇನೆಗೆ ಆಗ ಮುಖ್ಯಸ್ಥರಾಗಿದ್ದವರು ಜನರಲ್ ಗಾಂಬಿಯೆ. ಏನೋ ಎಡವಟ್ಟು ನಡೆಯುತ್ತಿದೆ ಅಂತ ಸುಳಿವು ಸಿಕ್ಕಿದ್ದೇ ತಡ, ಅವರು ಕಾರು ಹತ್ತಿಕೊಂಡು ಎದುರು ಹೋದರು. ತಮ್ಮದೇ ಸೈನಿಕರ ಲಾರಿಗಳನ್ನು ನಡುರಸ್ತೆಯಲ್ಲಿ ತಡೆಯಲು ನೋಡಿದರು. ಲಾರಿಗಳು ನಿಲ್ಲಲಿಲ್ಲ. ಬೆಳಗಾಗುವಷ್ಟರಲ್ಲಿ ಗಾಂಬಿಯೆ ಸೆರೆಯಾಳಾಗಿದ್ದರು.

ನನಗೆ ಈ ದೃಶ್ಯ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತದೆ. ಕಾಗದದ ಮೇಲೆ ನೋಡಿದರೆ ಆ ರಸ್ತೆಯಲ್ಲಿ ಅವರಿಗಿಂತ ದೊಡ್ಡ ಅಧಿಕಾರಿ ಇನ್ನೊಬ್ಬರಿಲ್ಲ. ನಾಲ್ಕು ಲಕ್ಷಕ್ಕೂ ಹೆಚ್ಚು ಸೈನಿಕರು ಅವರ ಕೈಕೆಳಗೆ. ಆದರೂ ಒಬ್ಬ ಲಾರಿ ಚಾಲಕ ಬ್ರೇಕ್ ಒತ್ತಲಿಲ್ಲ ಅಂದರೆ ಆ ಅಧಿಕಾರವೆಲ್ಲ ಎಲ್ಲಿಗೆ ಹೋಯಿತು? ಕ್ಷಿಪ್ರಕ್ರಾಂತಿ ಅಂದಾಗ ನಾವು ಟ್ಯಾಂಕು, ಬಂದೂಕು, ಅರಮನೆ ಅಂತ ಯೋಚಿಸುತ್ತೇವೆ. ಕಳೆದ ಶತಮಾನದ ನಡುವಿನ ಇಂಥ ಕೆಲವು ಪ್ರಕರಣಗಳನ್ನು ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ಸಂಗತಿ ಬೇರೆಯೇ. ಕೆಲವು ಗಂಟೆಗಳ ಕಾಲ ಎರಡು ಕಡೆಯಿಂದಲೂ ಆಜ್ಞೆಗಳು ಬರುತ್ತವೆ. ಎರಡೂ ಅಧಿಕೃತವಾಗಿಯೇ ಕೇಳಿಸುತ್ತವೆ. ಕೆಳಗಿನ ಮೆಟ್ಟಿಲಲ್ಲಿ ನಿಂತವನು ಯಾವುದನ್ನು ನಂಬುತ್ತಾನೆ ಅನ್ನುವುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಆ ರಾತ್ರಿಯ ದಂಗೆಯ ಹಿಂದೆ ನಾಲ್ವರು ಜನರಲ್‌ಗಳಿದ್ದರು. ಮಾರಿಸ್ ಶಾಲ್, ಎಡ್ಮಂಡ್ ಜುವೋ, ಆಂದ್ರೆ ಜೆಲ್ಲೆರ್, ರವೂಲ್ ಸಲಾಂ. ನಾಲ್ವರೂ ಸೇವೆಯಿಂದ ಹೊರಗಿದ್ದವರು. ಸಲಾಂ ಆಗ ಸ್ಪೇನಿನಲ್ಲಿದ್ದು, ಭಾನುವಾರವಷ್ಟೇ ಬಂದು ಸೇರಿಕೊಂಡರು. ಶಾಲ್ ಒಂದು ವರ್ಷದ ಹಿಂದಿನವರೆಗೂ ಗಾಂಬಿಯೆಯ ಕುರ್ಚಿಯಲ್ಲೇ ಕೂತಿದ್ದವರು. ಆಲ್ಜೀರಿಯಾದ ಸ್ವಾತಂತ್ರ್ಯ ಹೋರಾಟಗಾರರ ವಿರುದ್ಧದ ಯುದ್ಧವನ್ನು ಗುಡ್ಡಗಾಡುಗಳಲ್ಲಿ ಗೆದ್ದುಕೊಂಡು ಬಂದವರು ಅನ್ನುವ ಹೆಸರಿತ್ತು. ಅವರ ಸಿಟ್ಟಿಗೆ ಕಾರಣ ಅದೇ. ನೆಲದ ಮೇಲೆ ನಾವು ಗೆಲ್ಲುತ್ತಿದ್ದೇವೆ, ಪ್ಯಾರಿಸ್ ನಮ್ಮ ಕೈಯಿಂದ ಕಿತ್ತು ಕೊಟ್ಟುಬಿಡುತ್ತಿದೆ ಅನ್ನುವುದು ಅವರ ವಾದ. 1961ರ ಜನವರಿ 8ರಂದು ಅಧ್ಯಕ್ಷ ಡಿ ಗಾಲ್ ಜನಮತ ಕೇಳಿದ್ದರು. ಆಲ್ಜೀರಿಯಾದ ಭವಿಷ್ಯ ಅಲ್ಲಿನ ಜನರೇ ನಿರ್ಧರಿಸಲಿ ಅನ್ನುವುದಕ್ಕೆ ಫ್ರಾನ್ಸಿನ ಮತದಾರರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಹೌದು ಅಂದಿದ್ದರು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಡಿ ಗಾಲ್ ಅಧಿಕಾರಕ್ಕೆ ಬಂದ ದಾರಿ ಕೂಡ ಇದೇ ಅಲ್ಜೀರ್ಸಿನಿಂದ ಹೊರಟಿತ್ತು. 1958ರ ಮೇ 13ರಂದು ಅಲ್ಜೀರ್ಸಿನ ಯುರೋಪಿಯನ್ ಗುಂಪುಗಳು ಸರ್ಕಾರಿ ಕಟ್ಟಡಕ್ಕೆ ನುಗ್ಗಿದವು. ಸೇನೆ ಅವರ ಜೊತೆ ಸೇರಿತು. ಎರಡು ದಿನ ಬಿಟ್ಟು ಬಾಲ್ಕನಿಯಿಂದ ಡಿ ಗಾಲ್‌ಗೆ ಜಯಕಾರ ಕೂಗಿದವರು ಯಾರು? ಇದೇ ಸಲಾಂ, ಆಗಿನ ಸೇನಾ ಮುಖ್ಯಸ್ಥ. ಅದೇ ತಿಂಗಳು ಪ್ಯಾರಾಟ್ರೂಪರ್‌ಗಳು ಕಾರ್ಸಿಕಾ ದ್ವೀಪವನ್ನು ಹಿಡಿದರು. ಮುಂದಿನ ಸರದಿ ಪ್ಯಾರಿಸ್ ಅನ್ನುವ ಭಯ ಹುಟ್ಟಿತು. ಜೂನ್ 1ಕ್ಕೆ ಸಂಸತ್ತು ಡಿ ಗಾಲ್‌ಗೆ ಸರ್ಕಾರ ಒಪ್ಪಿಸಿತು. ಮತ ಹಾಕಿಯೇ ಒಪ್ಪಿಸಿತು, ನಿಜ. ಆದರೆ ಆ ಮತದ ಹಿಂದೆ ಬಂದೂಕಿನ ನೆರಳಿತ್ತು. ಮೂರು ವರ್ಷ ಕಳೆದ ಮೇಲೆ ಅದೇ ಬಂದೂಕು ತನ್ನ ಕಡೆ ತಿರುಗಿದಾಗ ಡಿ ಗಾಲ್ ಗಣರಾಜ್ಯದ ಹೆಸರು ಹೇಳಿದರು. ಅವರನ್ನು ಮೆಚ್ಚುವವರು ಈ ಭಾಗವನ್ನು ಬೇಗ ಬೇಗ ದಾಟಿಬಿಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಸೇನೆಗೆ ಒಮ್ಮೆ ಸರ್ಕಾರ ಬದಲಿಸುವ ರುಚಿ ಹತ್ತಿಸಿದರೆ ಅದು ಎರಡನೇ ಸಲವೂ ಕೇಳುತ್ತದೆ.

ಶನಿವಾರ ಬೆಳಿಗ್ಗೆ ಅಲ್ಜೀರ್ಸ್ ಎದ್ದಾಗ ರೇಡಿಯೋದಲ್ಲಿ ಹೊಸ ದನಿ ಇತ್ತು. ಆಲ್ಜೀರಿಯಾ ಮತ್ತು ಸಹಾರಾದ ಆಡಳಿತವನ್ನು ಸೇನೆ ವಹಿಸಿಕೊಂಡಿದೆ ಅಂತ ಆ ದನಿ ಹೇಳುತ್ತಿತ್ತು. ಸರ್ಕಾರದ ಪ್ರತಿನಿಧಿ ಜಾನ್ ಮೊರಾಂ, ಆ ಹೊತ್ತಿಗೆ ಊರಿಗೆ ಬಂದಿದ್ದ ಮಂತ್ರಿ ರಾಬರ್ಟ್ ಬ್ಯುರಾಂ, ಇಬ್ಬರೂ ಸೆರೆಯಲ್ಲಿದ್ದರು. ಇಡೀ ನಗರ ಹೆಚ್ಚುಕಡಿಮೆ ಗುಂಡು ಹಾರಿಸದೆಯೇ ಕೈಗೆ ಬಂದಿತ್ತು. ಆ ರಾತ್ರಿ ಸತ್ತವನು ಒಬ್ಬ ಸಾರ್ಜೆಂಟ್. ಎಲ್ಲಿ ಗೊತ್ತಾ? ಊರ ಹೊರಗಿನ ಓಲಾದ್ ಫಾಯೆ ರೇಡಿಯೋ ಪ್ರಸಾರ ಕೇಂದ್ರವನ್ನು ಕಾಯುತ್ತಿದ್ದಾಗ. ಅರಮನೆಯ ಬಾಗಿಲಲ್ಲಿ ರಕ್ತ ಬೀಳಲಿಲ್ಲ, ದನಿ ಹೊರಡುವ ಜಾಗದಲ್ಲಿ ಬಿತ್ತು.

ಲಾರಿಗಳನ್ನು ನಡೆಸಿಕೊಂಡು ಬಂದ ಮೇಜರ್ ಎಲಿ ದ ಸ್ಯಾಂ ಮಾರ್ಕ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಯಾಕೆಂದರೆ ದಂಗೆ ಎದ್ದವರೆಲ್ಲ ಅಧಿಕಾರದ ಹಸಿವಿನವರು ಅಂದುಕೊಂಡರೆ ಈ ಕತೆ ಅರ್ಥವೇ ಆಗುವುದಿಲ್ಲ. ಈತ ಹುಟ್ಟಿದ್ದು 1922ರಲ್ಲಿ. ಹತ್ತೊಂಬತ್ತರ ವಯಸ್ಸಿಗೇ ನಾಜಿಗಳ ವಿರುದ್ಧದ ಗುಪ್ತ ಹೋರಾಟ ಸೇರಿದವನು. 1943ರಲ್ಲಿ ಸಿಕ್ಕಿಬಿದ್ದು ಬುಕೆನ್ವಾಲ್ಡ್ ಯಾತನಾ ಶಿಬಿರಕ್ಕೆ ಹೋದ. ಸಾವಿನ ಅಂಚಿನಿಂದ ಬದುಕಿ ಬಂದ. ಆಮೇಲೆ ಸೇನೆ ಸೇರಿ ವಿಯೆಟ್ನಾಮಿಗೆ ಹೋದ. ಅಲ್ಲಿ ಚೀನಾ ಗಡಿಯ ಹತ್ತಿರ ತಾಲುಂಗ್ ಎಂಬ ಹಳ್ಳಿ. ಅಲ್ಲಿನ ಜನ ಫ್ರೆಂಚರನ್ನು ನಂಬಿ ಅವರ ಪರ ನಿಂತಿದ್ದರು. ಒಂದು ದಿನ ಜಾಗ ಖಾಲಿ ಮಾಡಿ ಅಂತ ಆಜ್ಞೆ ಬಂತು. ಸೈನಿಕರು ಲಾರಿ ಹತ್ತಿದರು. ಹಳ್ಳಿಯವರು ನಮ್ಮನ್ನೂ ಕರೆದುಕೊಂಡು ಹೋಗಿ ಅಂತ ಲಾರಿಗಳ ಅಂಚು ಹಿಡಿದು ಜೋತುಬಿದ್ದರು. ಆ ಕೈಗಳ ಮೇಲೆ ಬಂದೂಕಿನ ಹಿಡಿಯಿಂದ ಹೊಡೆದು ಬಿಡಿಸಬೇಕಾಯಿತು. ಆ ಕೈಗಳನ್ನು ಆತ ಕೊನೆವರೆಗೂ ಮರೆಯಲಿಲ್ಲ.

ಆಲ್ಜೀರಿಯಾದಲ್ಲೂ ಫ್ರೆಂಚ್ ಸೇನೆಯ ಜೊತೆ ನಿಂತ ಸ್ಥಳೀಯ ಮುಸ್ಲಿಮರಿದ್ದರು. ಅವರಿಗೆ ಹರ್ಕಿಗಳು ಅಂತ ಹೆಸರು. ಫ್ರಾನ್ಸ್ ಎಂದೂ ಬಿಟ್ಟುಹೋಗುವುದಿಲ್ಲ ಅಂತ ಅವರಿಗೆ ಮಾತು ಕೊಟ್ಟವರು ಇಂಥ ಅಧಿಕಾರಿಗಳೇ. ಏಪ್ರಿಲ್ 21ರಂದು ಶಾಲ್ ಕರೆಸಿ ಕೇಳಿದಾಗ ಸ್ಯಾಂ ಮಾರ್ಕ್ ಹೆಚ್ಚು ಹೊತ್ತು ತೆಗೆದುಕೊಳ್ಳದೆ ಒಪ್ಪಿಕೊಂಡ. ರೆಜಿಮೆಂಟಿನ ಮುಖ್ಯ ಅಧಿಕಾರಿ ರಜೆಯಲ್ಲಿದ್ದುದರಿಂದ ಆ ದಿನ ಆಜ್ಞೆ ಕೊಡುವ ಕೈ ಇವನದ್ದೇ ಆಗಿತ್ತು. ಜೂನಿನಲ್ಲಿ ನ್ಯಾಯಾಲಯದ ಮುಂದೆ ನಿಂತಾಗ ಆತ ಹೇಳಿದ್ದಿಷ್ಟು: ಸೈನಿಕನಿಗೆ ಸಾಯಿ ಅಂತ ಹೇಳಬಹುದು, ಅದು ಅವನ ಕೆಲಸ, ಕೊಟ್ಟ ಮಾತಿಗೆ ತಪ್ಪು, ಸುಳ್ಳು ಹೇಳು ಅಂತ ಮಾತ್ರ ಹೇಳುವ ಹಾಗಿಲ್ಲ. ಹತ್ತು ವರ್ಷ ಶಿಕ್ಷೆಯಾಯಿತು. 1966ರಲ್ಲಿ ಬಿಡುಗಡೆಯಾಯಿತು.

ಇದನ್ನು ಓದಿದಾಗ ಮನಸ್ಸು ಕರಗುತ್ತದೆ. ನನಗೂ ಕರಗಿತು. ಆದರೆ ಇದೇ ಅಲ್ಜೀರ್ಸಿನಲ್ಲಿ 1957ರಲ್ಲಿ ಪ್ಯಾರಾಟ್ರೂಪರ್‌ಗಳು ಶಂಕಿತರನ್ನು ಹಿಡಿದು ಕರೆಂಟ್ ಶಾಕ್ ಕೊಟ್ಟು ಬಾಯಿ ಬಿಡಿಸುತ್ತಿದ್ದರು. ಎಷ್ಟೋ ಜನ ಮನೆಗೆ ಮರಳಲೇ ಇಲ್ಲ. ಒಂದು ಹಳ್ಳಿಯ ಜನರಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಇಡೀ ನಾಡಿನ ಜನರ ಸ್ವಾತಂತ್ರ್ಯವನ್ನು ಒತ್ತೆ ಇಡಬಹುದಾ? ಹರ್ಕಿಗಳಿಗೆ ಕೊಟ್ಟ ಮಾತು ದೊಡ್ಡದೇ. ಆದರೆ ಆ ಮಾತು ಕೊಡುವ ಹಕ್ಕೇ ಫ್ರಾನ್ಸಿಗೆ ಇರಲಿಲ್ಲ ಅನ್ನುವುದು ನನ್ನ ತಿಳಿವಳಿಕೆ. ನೆಲ ಆಲ್ಜೀರಿಯನ್ನರದ್ದು.

ಈಗ ಭಾನುವಾರಕ್ಕೆ ಬರೋಣ. ಏಪ್ರಿಲ್ 23. ಪ್ಯಾರಿಸಿನಲ್ಲಿ ಸಂಸತ್ತಿನ ಹತ್ತಿರ ಹಳೇ ಟ್ಯಾಂಕುಗಳನ್ನು ತಂದು ನಿಲ್ಲಿಸಿದ್ದರು. ಪ್ಯಾರಾಟ್ರೂಪರ್‌ಗಳು ವಿಮಾನದಲ್ಲಿ ಬಂದು ಇಳಿಯುತ್ತಾರೆ ಅನ್ನುವ ಸುದ್ದಿ ಎಲ್ಲೆಡೆ. ರಾತ್ರಿ ಎಂಟು ಗಂಟೆಗೆ ಡಿ ಗಾಲ್ ಟಿವಿ ಮತ್ತು ರೇಡಿಯೋದಲ್ಲಿ ಮಾತಾಡಿದರು. ಸೂಟು ಬಿಟ್ಟು ಹಳೆಯ ಸೇನಾ ಸಮವಸ್ತ್ರ ತೊಟ್ಟು ಬಂದರು. ದಂಗೆ ಎದ್ದವರನ್ನು ನಿವೃತ್ತ ಜನರಲ್‌ಗಳ ಒಂದು ಸಣ್ಣ ಗುಂಪು ಅಂತ ಕರೆದರು. ಅಯ್ಯೋ ಅನ್ನುವ ಉದ್ಗಾರವನ್ನು ಮೂರು ಸಲ ಹೇಳಿದರು. ಇವರ ದಾರಿ ಮುಚ್ಚಲು ಎಲ್ಲ ಮಾರ್ಗ ಬಳಸಬೇಕು ಅಂದು, ಎಲ್ಲ ಮಾರ್ಗ ಅನ್ನುವುದನ್ನು ಒತ್ತಿ ಮತ್ತೊಮ್ಮೆ ಹೇಳಿದರು. ಅದಾದ ಮೇಲೆ ಬಂತು ಆ ಭಾಷಣದ ನಿಜವಾದ ಕೆಲಸ ಮಾಡಿದ ವಾಕ್ಯ. ಯಾವ ಫ್ರೆಂಚನೂ, ಅದರಲ್ಲೂ ಮೊದಲಿಗೆ ಯಾವ ಸೈನಿಕನೂ, ಇವರ ಯಾವ ಆಜ್ಞೆಯನ್ನೂ ಪಾಲಿಸಕೂಡದು. ಕೊನೆಗೆ, ನನಗೆ ಸಹಾಯ ಮಾಡಿ ಅಂತ ಕೇಳಿಕೊಂಡರು.

ಇದು ಸಮುದ್ರದ ಆಚೆಯಿಂದ ಬಂದ ದನಿ. ಅಲ್ಜೀರ್ಸಿನ ರೇಡಿಯೋ ದಂಗೆಕೋರರ ಕೈಯಲ್ಲಿತ್ತು. ಹಾಗಾದರೆ ಮರುಭೂಮಿಯ ಅಂಚಿನ ಶಿಬಿರದಲ್ಲಿ ಕೂತ ಹುಡುಗನಿಗೆ ಇದು ಹೇಗೆ ಮುಟ್ಟಿತು? ಅವನ ಹಾಸಿಗೆ ಪಕ್ಕದಲ್ಲಿದ್ದ ಟ್ರಾನ್ಸಿಸ್ಟರ್ ಮೂಲಕ.

ಟ್ರಾನ್ಸಿಸ್ಟರ್ ಅಂದರೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಚರ್ಮದ ಕವರು, ಹೆಗಲಿಗೆ ಹಾಕುವ ಪಟ್ಟಿ. ಶೆಲ್ಲು ಮುಗಿಯುತ್ತಾ ಬಂದರೆ ಬಿಸಿಲಿಗಿಟ್ಟು ಇನ್ನೊಂದು ವಾರ್ತೆ ಕೇಳುತ್ತಿದ್ದ ಮನೆಗಳಲ್ಲಿ ಬೆಳೆದವರು ನಾವು. ಅದಕ್ಕಿಂತ ಹಿಂದಿನ ವಾಲ್ವ್ ರೇಡಿಯೋ ದೊಡ್ಡ ಪೆಟ್ಟಿಗೆ. ಕರೆಂಟು ಬೇಕು, ಇಡೋಕೆ ಜಾಗ ಬೇಕು. ಶಿಬಿರದಲ್ಲಿ ಅದು ಅಧಿಕಾರಿಗಳ ಕೋಣೆಯಲ್ಲಿರುತ್ತದೆ. ಅದರ ಗುಂಡಿ ತಿರುಗಿಸುವವರು ಅಧಿಕಾರಿಗಳೇ. ಟ್ರಾನ್ಸಿಸ್ಟರ್ ಬಂದಮೇಲೆ ಆ ಗುಂಡಿ ಸೈನಿಕನ ಕೈಗೆ ಬಂತು. ಅಧ್ಯಕ್ಷನಿಗೂ ಸಿಪಾಯಿಗೂ ನಡುವೆ ಇದ್ದ ಕರ್ನಲ್ಲು, ಮೇಜರು, ಕ್ಯಾಪ್ಟನ್ನು, ಇವರೆಲ್ಲರನ್ನೂ ದಾಟಿ ದನಿ ನೇರವಾಗಿ ಕಿವಿಗೆ ಬಿತ್ತು. ಆ ಪುಟ್ಟ ಡಬ್ಬಿ ಹೊಸದಾಗಿ ಕೈಗೆ ಬಂದ ಕಾಲ ಅದು. ನಾಲ್ಕೈದು ವರ್ಷ ಮೊದಲು ಈ ದಂಗೆ ಆಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಈ ಹುಡುಗರು ಯಾರು ಅನ್ನುವುದು ಮುಖ್ಯ. ಆಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೈನಿಕರಲ್ಲಿ ಬಹುಪಾಲು ಜನ ಕಡ್ಡಾಯ ಸೇವೆಗೆ ಕರೆಸಿಕೊಂಡವರು. ಇಪ್ಪತ್ತು, ಇಪ್ಪತ್ತೊಂದರ ವಯಸ್ಸು. ರೈತರ ಮಕ್ಕಳು, ಕಾರ್ಖಾನೆ ಕೆಲಸಗಾರರು, ಶಾಲಾ ಮೇಷ್ಟ್ರುಗಳು. ಎರಡು ವರ್ಷಕ್ಕೂ ಜಾಸ್ತಿ ಮನೆ ಬಿಟ್ಟು ಇರಬೇಕಿತ್ತು. ಅವರಿಗೆ ಬೇಕಾಗಿದ್ದದ್ದು ಬೇಗ ಊರಿಗೆ ಹೋಗುವುದು. ಶಾಲ್‌ಗೆ ಇದು ಗೊತ್ತಿತ್ತು. ಆತ ಮೊದಲಿನಿಂದಲೂ ವೃತ್ತಿ ಸೈನಿಕರನ್ನೇ ನಂಬಿಕೊಂಡು, ಈ ಹುಡುಗರನ್ನು ಪಕ್ಕಕ್ಕಿಡಲು ನೋಡಿದ್ದ. ಆದರೆ ಸೇನೆ ನಡೆಯುವುದು ಪ್ಯಾರಾಟ್ರೂಪರ್‌ಗಳಿಂದ ಮಾತ್ರ ಅಲ್ಲ. ಲಾರಿಗೆ ಡೀಸೆಲ್ ಹಾಕುವವನು, ವೈರ್‌ಲೆಸ್ ಮುಂದೆ ಕೂತು ಸಂದೇಶ ಕಳಿಸುವವನು, ಉಗ್ರಾಣದ ಬೀಗದ ಕೈ ಇಟ್ಟುಕೊಂಡವನು, ಅಡುಗೆಯವನು, ಎಲ್ಲರೂ ಇದೇ ಹುಡುಗರು.

ಸೋಮವಾರದಿಂದ ಅವರು ತಮ್ಮ ಮಟ್ಟದಲ್ಲಿ ಕೆಲಸ ಶುರು ಮಾಡಿದರು. ಕೆಲವು ಕಡೆ ಬ್ಯಾರಕ್ಕಿನಿಂದ ಹೊರಬರಲು ಒಪ್ಪಲಿಲ್ಲ. ಕೆಲವು ಕಡೆ ವಾಹನ ಕೆಡಿಸಿಟ್ಟರು. ಸಂದೇಶಗಳು ಮುಟ್ಟಬೇಕಾದಲ್ಲಿ ಮುಟ್ಟಲಿಲ್ಲ. ಬ್ಲಿದಾ ವಿಮಾನ ನೆಲೆಯಲ್ಲಿ ಹುಡುಗರು ದಂಗೆಯ ಅಧಿಕಾರಿಗಳಿಗೆ ತಿರುಗಿ ನಿಂತರು. ಎಷ್ಟೋ ಪೈಲಟ್‌ಗಳು ವಿಮಾನಗಳನ್ನು ಫ್ರಾನ್ಸಿಗೆ ಹಾರಿಸಿಕೊಂಡು ಹೋಗಿಬಿಟ್ಟರು. ಪ್ಯಾರಿಸಿನ ಮೇಲೆ ಇಳಿಯಲು ಬೇಕಾದ ವಿಮಾನಗಳೇ ಪ್ಯಾರಿಸಿನ ಕಡೆ ಸೇರಿಕೊಂಡವು. ಅತ್ತ ಫ್ರಾನ್ಸಿನಲ್ಲಿ ಪ್ರಧಾನಿ ಮಿಶೆಲ್ ದೆಬ್ರೆ ಭಾನುವಾರ ತಡರಾತ್ರಿ ಇನ್ನೊಂದು ಕರೆ ಕೊಟ್ಟಿದ್ದರು. ಸೈರನ್ ಕೂಗಿದ ಕೂಡಲೇ ನಡೆದುಕೊಂಡಾಗಲಿ ಕಾರಿನಲ್ಲಾಗಲಿ ವಿಮಾನ ನಿಲ್ದಾಣಗಳಿಗೆ ಹೋಗಿ, ದಾರಿ ತಪ್ಪಿದ ಸೈನಿಕರಿಗೆ ಬುದ್ಧಿ ಹೇಳಿ ಅಂತ. ಸೋಮವಾರ ಸಂಜೆ ಕಾರ್ಮಿಕ ಸಂಘಗಳು ಒಂದು ಗಂಟೆ ಮುಷ್ಕರ ಹೂಡಿದವು.

ಅಧಿಕಾರಿಗಳು ಏನು ಮಾಡುತ್ತಿದ್ದರು? ಬಹಳ ಜನ ಕಾಯುತ್ತಿದ್ದರು. ಯಾರು ಗೆಲ್ಲುತ್ತಾರೆ ನೋಡೋಣ ಅಂತ. ಓರಾನ್ ಪ್ರದೇಶದ ಜನರಲ್ ಪೂಯಿ ಮಾತ್ರ ಖಡಾಖಂಡಿತವಾಗಿ ಒಲ್ಲೆ ಅಂದರು. ಆತನಿಗೆ ಡಿ ಗಾಲ್ ನೀತಿ ಕೊಂಚವೂ ಇಷ್ಟವಿರಲಿಲ್ಲ. ಮುಂದಿನ ವರ್ಷ ಸಲಾಂ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಬಂದಾಗ, ನಾನು ಶಿಸ್ತನ್ನು ಆರಿಸಿಕೊಂಡೆ, ಅದರ ಜೊತೆಗೆ ಕೈಬಿಟ್ಟ ಅವಮಾನವನ್ನೂ ದೇಶದೊಂದಿಗೆ ಹಂಚಿಕೊಂಡೆ ಎಂಬ ಅರ್ಥದ ಮಾತು ಹೇಳಿದರು. ನನಗೆ ಈ ಮನುಷ್ಯನ ಮೇಲೆ ಗೌರವ ಇದೆ. ಒಪ್ಪದ ನೀತಿಗೂ ಕಾನೂನಿನ ಸರ್ಕಾರದ ನೀತಿ ಅಂತ ತಲೆಬಾಗುವುದು ಸುಲಭದ ಮಾತಲ್ಲ.

ಏಪ್ರಿಲ್ 25ರ ರಾತ್ರಿ ಎಲ್ಲ ಮುಗಿಯಿತು. ಮರುದಿನ ಶಾಲ್ ಶರಣಾದರು. ಜೆಲ್ಲೆರ್ ಮೇ ತಿಂಗಳಲ್ಲಿ ಶರಣಾದರು. ಸಲಾಂ ಮತ್ತು ಜುವೋ ತಲೆಮರೆಸಿಕೊಂಡು ಒಎಎಸ್ ಎಂಬ ಭಯೋತ್ಪಾದಕ ಸಂಘಟನೆಯ ನಾಯಕರಾದರು. ಮೊದಲನೇ ಪ್ಯಾರಾಟ್ರೂಪರ್ ರೆಜಿಮೆಂಟನ್ನು ಏಪ್ರಿಲ್ 30ಕ್ಕೆ ವಿಸರ್ಜಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಕತೆ ಚೆಂದ. ಕಾನೂನಿನ ಸರ್ಕಾರ, ಅದರ ಮಾತು ಕೇಳಿದ ಸೈನಿಕರು, ಸೋತ ದಂಗೆ. ಆದರೆ ಇದೇ ಅಳತೆಗೋಲು ಹಿಡಿದು 1944ರ ಬರ್ಲಿನ್ನಿಗೆ ಹೋದರೆ ಎದೆ ಝಲ್ ಅನ್ನುತ್ತದೆ.

1944ರ ಜುಲೈ 20, ಮಧ್ಯಾಹ್ನ 12.42. ಪೂರ್ವ ಪ್ರಷ್ಯಾದ ರಾಸ್ಟೆನ್‌ಬರ್ಗ್ ಹತ್ತಿರದ ಕಾಡಿನಲ್ಲಿ ಹಿಟ್ಲರನ ಸಭೆ ನಡೆಯುತ್ತಿದ್ದ ಕೊಠಡಿಯಲ್ಲಿ ಬಾಂಬ್ ಸಿಡಿಯಿತು. ಇಟ್ಟವನು ಕರ್ನಲ್ ಕ್ಲಾಸ್ ಫಾನ್ ಸ್ಟಾಫೆನ್‌ಬರ್ಗ್. ಯುದ್ಧದಲ್ಲಿ ಒಂದು ಕಣ್ಣು, ಬಲಗೈ, ಎಡಗೈಯ ಎರಡು ಬೆರಳು ಕಳೆದುಕೊಂಡಿದ್ದವನು. ಉಳಿದ ಮೂರು ಬೆರಳಿನಿಂದ ಇಕ್ಕಳ ಹಿಡಿದು ಬಾಂಬ್ ಸಜ್ಜು ಮಾಡಬೇಕಿತ್ತು. ಎರಡು ಸ್ಫೋಟಕ ತಂದಿದ್ದರೂ ಸಮಯ ಸಾಲದೆ ಒಂದನ್ನು ಮಾತ್ರ ಸಜ್ಜು ಮಾಡಲಾಯಿತು. ಬ್ಯಾಗನ್ನು ಯಾರೋ ಮೇಜಿನ ದಪ್ಪ ಕಾಲಿನ ಆಚೆಗೆ ಸರಿಸಿದರು. ಹಿಟ್ಲರ್ ಬದುಕಿದ. ಸ್ಟಾಫೆನ್‌ಬರ್ಗ್ ಮಾತ್ರ ಅವನು ಸತ್ತ ಅಂತಲೇ ನಂಬಿ ಬರ್ಲಿನ್ನಿಗೆ ಹಾರಿದ.

ಬರ್ಲಿನ್ನಿನ ಬೆಂಡ್ಲರ್ ಬೀದಿಯ ಸೇನಾ ಕಚೇರಿಯಿಂದ ಸಂಜೆ ಆಜ್ಞೆಗಳು ಹೊರಡತೊಡಗಿದವು. ವಾಲ್ಕಿರಿ ಎಂಬ ಹೆಸರಿನ ತುರ್ತು ಯೋಜನೆ ಮೊದಲೇ ಇತ್ತು. ಒಳಗಲಭೆ ಆದರೆ ಬಳಸಲು ಹಿಟ್ಲರನೇ ಒಪ್ಪಿದ್ದ ಯೋಜನೆ. ಅದನ್ನೇ ತಿರುಗಿಸಿ ಅವನ ಮೇಲೆ ಬಳಸುವುದು ಇವರ ಉಪಾಯ. ಆದರೆ ಆಜ್ಞೆಗಳನ್ನು ಸಂಕೇತಕ್ಕೆ ಇಳಿಸಿ ಟೆಲಿಪ್ರಿಂಟರಿನಲ್ಲಿ ಒಂದೊಂದಾಗಿ ಕಳಿಸಲು ಗಂಟೆಗಟ್ಟಲೆ ಹಿಡಿಯಿತು. ದಂಗೆಯ ಆಜ್ಞೆಗಳು ಇನ್ನೂ ದಾರಿಯಲ್ಲಿದ್ದಾಗಲೇ, ಹಿಟ್ಲರ್ ಬದುಕಿದ್ದಾನೆ ಅನ್ನುವ ಸುದ್ದಿ ರೇಡಿಯೋದಲ್ಲಿ ಬಂದುಬಿಟ್ಟಿತು.

ಬರ್ಲಿನ್ನಿನ ಸರ್ಕಾರಿ ಕಟ್ಟಡಗಳನ್ನು ಸುತ್ತುವರಿಯಲು ಕಳಿಸಿದ್ದು ಮೇಜರ್ ಒಟ್ಟೋ ರೇಮರ್ ಎಂಬಾತನನ್ನು. ಅವನು ಹೇಳಿದಂತೆ ಮಾಡಿದ. ಆದರೆ ಅನುಮಾನ ಹುಟ್ಟಿ ಪ್ರಚಾರ ಮಂತ್ರಿ ಗೋಬೆಲ್ಸ್ ಮುಂದೆ ಬಂದು ನಿಂತ. ಗೋಬೆಲ್ಸ್ ಫೋನ್ ಹಚ್ಚಿ ರಿಸೀವರ್ ಕೈಗೆ ಕೊಟ್ಟ. ಆ ಕಡೆಯಿಂದ ಹಿಟ್ಲರ್ ಕೇಳಿದ, ನನ್ನ ದನಿ ಗುರುತು ಸಿಕ್ಕಿತಾ ಅಂತ. ಸಿಕ್ಕಿತು. ರೇಮರ್ ಅಲ್ಲೇ ಫೋನಿನಲ್ಲೇ ಕರ್ನಲ್ ಆದ, ಬಂದೂಕನ್ನು ದಂಗೆಕೋರರ ಕಡೆ ತಿರುಗಿಸಿದ. ನಡುರಾತ್ರಿಯ ಹೊತ್ತಿಗೆ ಸ್ಟಾಫೆನ್‌ಬರ್ಗ್ ಮತ್ತು ಮೂವರು ಜೊತೆಗಾರರನ್ನು ಬೆಂಡ್ಲರ್ ಬೀದಿಯ ಕಚೇರಿಯ ಅಂಗಳದಲ್ಲೇ ಗುಂಡಿಟ್ಟು ಕೊಂದರು.

ನೋಡಿ, ಅಲ್ಜೀರ್ಸಿನ ಹುಡುಗ ಟ್ರಾನ್ಸಿಸ್ಟರಿನಲ್ಲಿ ರಾಷ್ಟ್ರದ ಮುಖ್ಯಸ್ಥನ ದನಿ ಕೇಳಿದ, ಅದನ್ನು ಪಾಲಿಸಿದ. ರೇಮರ್ ಫೋನಿನಲ್ಲಿ ರಾಷ್ಟ್ರದ ಮುಖ್ಯಸ್ಥನ ದನಿ ಕೇಳಿದ, ಅದನ್ನು ಪಾಲಿಸಿದ. ಹೊರಗಿನಿಂದ ಎರಡೂ ಒಂದೇ ಕೆಲಸ. ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವುದು ಯಾವ ಆಧಾರದ ಮೇಲೆ? ಫಲಿತಾಂಶ ನೋಡಿ ಹೇಳುವುದಾದರೆ ಅದು ವಾದವೇ ಅಲ್ಲ.

ಈ ಪ್ರಶ್ನೆಗೆ ಒಂದು ಕೋರ್ಟ್ ಉತ್ತರ ಕೊಟ್ಟಿದೆ. ಯುದ್ಧ ಮುಗಿದ ಮೇಲೆ ಇದೇ ರೇಮರ್ ಪಶ್ಚಿಮ ಜರ್ಮನಿಯಲ್ಲಿ ನವನಾಜಿ ಪಕ್ಷದ ನಾಯಕನಾದ. ಜುಲೈ 20ರವರು ದೇಶದ್ರೋಹಿಗಳು ಅಂತ ಸಭೆಗಳಲ್ಲಿ ಹೇಳತೊಡಗಿದ. ಬ್ರೌನ್‌ಶ್ವೈಗ್ ನಗರದಲ್ಲಿ ಅವನ ಮೇಲೆ ಮೊಕದ್ದಮೆ ಹೂಡಿದ ಸರ್ಕಾರಿ ವಕೀಲ ಫ್ರಿಟ್ಸ್ ಬಾವರ್. ನಾಜಿ ಕಾಲದಲ್ಲಿ ಸೆರೆಯಲ್ಲಿದ್ದು, ಆಮೇಲೆ ದೇಶ ಬಿಟ್ಟು ಓಡಬೇಕಾಗಿ ಬಂದ ಯಹೂದಿ ನ್ಯಾಯಾಧೀಶ. ಬಾವರ್‌ಗೆ ರೇಮರನನ್ನು ಜೈಲಿಗೆ ಕಳಿಸುವುದಕ್ಕಿಂತ ಮುಖ್ಯವಾದ ಕೆಲಸವಿತ್ತು. ದಿನಕ್ಕೆ ಸಾವಿರಾರು ಜನರನ್ನು ಕೊಲ್ಲುವ, ಕಾನೂನನ್ನೇ ಕೊಂದ ಸರ್ಕಾರಕ್ಕೆ ದ್ರೋಹ ಮಾಡುವುದು ಸಾಧ್ಯವೇ ಇಲ್ಲ ಅಂತ ನ್ಯಾಯಾಲಯದ ಬಾಯಲ್ಲಿ ಹೇಳಿಸಬೇಕಿತ್ತು. 1952ರ ಮಾರ್ಚಿನಲ್ಲಿ ತೀರ್ಪು ಬಂತು. ರೇಮರ್‌ಗೆ ಮೂರು ತಿಂಗಳ ಶಿಕ್ಷೆ. ಅದಕ್ಕಿಂತ ದೊಡ್ಡದು, ಸ್ಟಾಫೆನ್‌ಬರ್ಗ್ ಮತ್ತವನ ಜೊತೆಗಾರರು ದ್ರೋಹಿಗಳಲ್ಲ ಅನ್ನುವ ಮಾತು. ಎಂಟು ವರ್ಷ ಆ ಕುಟುಂಬಗಳು ಹೊತ್ತಿದ್ದ ಕಳಂಕಕ್ಕೆ ಕೋರ್ಟಿನಲ್ಲಿ ಉತ್ತರ ಸಿಕ್ಕಿತು. ಇದನ್ನು ಓದುವಾಗ ನನ್ನ ಕಣ್ಣು ತುಂಬಿ ಬಂತು.

ಬಾವರ್ ಕೊಟ್ಟ ಅಳತೆಗೋಲನ್ನೇ ಹಿಡಿದರೆ ಅಲ್ಜೀರ್ಸ್ ಸ್ಪಷ್ಟವಾಗುತ್ತದೆ. ಫ್ರಾನ್ಸಿನಲ್ಲಿ ಸರ್ಕಾರವನ್ನು ಬದಲಿಸಲು ಮತಪೆಟ್ಟಿಗೆ ಇತ್ತು. ಮೂರೇ ತಿಂಗಳ ಹಿಂದೆ ಜನ ಅದರಲ್ಲಿ ತಮ್ಮ ಮಾತು ಹೇಳಿದ್ದರು. ಆ ಜನಮತ ತಮಗೆ ಹಿಡಿಸಲಿಲ್ಲ ಅಂತ ಜನರಲ್‌ಗಳು ಎದ್ದರು. ಜರ್ಮನಿಯಲ್ಲಿ ಯಾವ ದಾರಿಯೂ ಉಳಿದಿರಲಿಲ್ಲ.

ಟೆಹರಾನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಯಾಕೆಂದರೆ ಅಲ್ಲಿ ದನಿ ಕೇಳಿಸಲೇ ಇಲ್ಲ. 1951ರಲ್ಲಿ ಇರಾನಿನ ತೈಲವನ್ನು ರಾಷ್ಟ್ರೀಕರಣ ಮಾಡಿದ ಪ್ರಧಾನಿ ಮೊಹಮ್ಮದ್ ಮೊಸಾದೆಕ್‌ರನ್ನು ಇಳಿಸಲು ಬ್ರಿಟನ್ ಮತ್ತು ಅಮೆರಿಕದ ಗುಪ್ತಚರರು ಸೇರಿ ಯೋಜನೆ ಹಾಕಿದರು. 1953ರ ಆಗಸ್ಟ್ 15ರ ರಾತ್ರಿ ಮೊದಲ ಪ್ರಯತ್ನ ನಡೆಯಿತು. ವಜಾ ಆದೇಶ ಹಿಡಿದು ಬಂದ ಕರ್ನಲ್ ನಸೀರಿಯೇ ಸೆರೆಯಾದ, ಪ್ರಯತ್ನ ಬಿದ್ದುಹೋಯಿತು. ಇರಾನಿನ ದೊರೆ ಶಾ ಬಾಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದ. ಗೆದ್ದಾಗಿತ್ತು, ಅಲ್ವಾ? ಆದರೆ ಬೀದಿಯಲ್ಲಿ ಗಲಾಟೆ ಹೆಚ್ಚಿತು ಅಂತ ಮೊಸಾದೆಕ್ ತಮ್ಮ ಬೆಂಬಲಿಗರನ್ನೇ ಮನೆಯಲ್ಲಿರಲು ಹೇಳಿದರು. ಆಗಸ್ಟ್ 19ರಂದು ಶಾ ಪರ ಗುಂಪುಗಳು ಮತ್ತು ಟ್ಯಾಂಕುಗಳು ಬಂದಾಗ ಬೀದಿ ಖಾಲಿ ಇತ್ತು. ರೇಡಿಯೋ ಕೇಂದ್ರ ಕೈತಪ್ಪಿತು. ಜನರಲ್ ಜಾಹೆದಿ ಅದರಲ್ಲಿ ತಾನೇ ಪ್ರಧಾನಿ ಅಂತ ಮಾತಾಡಿದ. ಮೊಸಾದೆಕ್ ಮೂರು ವರ್ಷ ಜೈಲಿನಲ್ಲಿ, ಆಮೇಲೆ 1967ರಲ್ಲಿ ತೀರಿಕೊಳ್ಳುವವರೆಗೂ ಅಹ್ಮದಾಬಾದ್ ಎಂಬ ಹಳ್ಳಿಯ ಸ್ವಂತ ಮನೆಯಲ್ಲಿ ಗೃಹಬಂಧನದಲ್ಲಿ ಇದ್ದರು. ಡಿ ಗಾಲ್ ಹೇಳಿದ ಹಾಗೆ, ನನಗೆ ಸಹಾಯ ಮಾಡಿ ಅಂತ ಒಂದು ಮಾತು ಅವರು ಜನರಿಗೆ ಹೇಳಿದ್ದರೆ? ಆ ದಿನಗಳ ಬಗ್ಗೆ ಓದುವಾಗಲೆಲ್ಲ ಈ ಪ್ರಶ್ನೆ ಚುಚ್ಚುತ್ತದೆ.

ನಮ್ಮ ದೇಶದಲ್ಲೂ ಆ ಕಾಲದಲ್ಲಿ ಈ ಭಯ ಗಾಳಿಯಲ್ಲಿತ್ತು. 1958ರ ಅಕ್ಟೋಬರಿನಲ್ಲಿ ಪಕ್ಕದ ಪಾಕಿಸ್ತಾನದಲ್ಲಿ ಅಧ್ಯಕ್ಷ ಇಸ್ಕಂದರ್ ಮಿರ್ಜಾ ಸಂವಿಧಾನ ರದ್ದು ಮಾಡಿದ. ಇಪ್ಪತ್ತೇ ದಿನದಲ್ಲಿ ಜನರಲ್ ಅಯೂಬ್ ಖಾನ್ ಮಿರ್ಜಾನನ್ನೇ ಇಳಿಸಿ ಲಂಡನ್ನಿಗೆ ಸಾಗಹಾಕಿದ. ಆಗ ನಮ್ಮ ಭೂಸೇನೆಯ ಮುಖ್ಯಸ್ಥರು ಕೊಡಗಿನ ಜನರಲ್ ತಿಮ್ಮಯ್ಯ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಅವರಿಗೆ ಆಗಿಬರುತ್ತಿರಲಿಲ್ಲ. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಕರೆಸಿ ಮಾತಾಡಿ ವಾಪಸ್ ತೆಗೆಸಿದರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಬಂದಾಗಿತ್ತು. ಸೆಪ್ಟೆಂಬರ್ 2ರಂದು ನೆಹರೂ ಲೋಕಸಭೆಯಲ್ಲಿ, ಈ ದೇಶದಲ್ಲಿ ಚುನಾಯಿತ ಸರ್ಕಾರದ ಮಾತೇ ಕೊನೆಯ ಮಾತು ಅನ್ನುವುದನ್ನು ಒತ್ತಿ ಹೇಳಿದರು. ತಿಮ್ಮಯ್ಯನವರಿಗೆ ಆ ದಿನ ಸಿಕ್ಕ ಮರ್ಯಾದೆ ಕಡಿಮೆಯೇ. ಆದರೂ ಕೊರಿಯಾ ಯುದ್ಧದ ನಂತರ ಕೈದಿಗಳ ಹಸ್ತಾಂತರ ನಡೆಸಿಕೊಟ್ಟು ಜಗತ್ತೇ ಮೆಚ್ಚಿದ್ದ, ಸೈನಿಕರು ಮನಸಾರೆ ಪ್ರೀತಿಸುತ್ತಿದ್ದ ಆ ಮನುಷ್ಯ ಸುಮ್ನೆ ತಮ್ಮ ಕೆಲಸ ಮಾಡಿಕೊಂಡು ಹೋದರು. 1961ರ ಮೇ 7ರಂದು ನಿವೃತ್ತರಾದರು. ಅಲ್ಜೀರ್ಸಿನ ದಂಗೆ ಬಿದ್ದು ಎರಡು ವಾರವೂ ಆಗಿರಲಿಲ್ಲ. ಕೊಡಗಿನವರು ತಿಮ್ಮಯ್ಯನವರ ಯುದ್ಧದ ಸಾಹಸ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಬೇಕು. ಆ ರಾಜೀನಾಮೆಯನ್ನು ಕೊಟ್ಟದ್ದು, ವಾಪಸ್ ತೆಗೆದುಕೊಂಡದ್ದು, ಆಮೇಲೆ ಮಾತಾಡದೆ ಉಳಿದದ್ದು, ಇದನ್ನೂ ನಾನು ಸಾಹಸದ ಪಟ್ಟಿಗೇ ಸೇರಿಸುತ್ತೇನೆ. ಮನಸ್ಸು ಒಪ್ಪದಿದ್ದರೆ ಸೈನಿಕನಿಗೆ ಇರುವ ನ್ಯಾಯವಾದ ಬಾಗಿಲು ರಾಜೀನಾಮೆ. ಅವರು ತಟ್ಟಿದ್ದು ಅದನ್ನು ಮಾತ್ರ.

ಮತ್ತೆ ಫ್ರಾನ್ಸಿನ ಕತೆಗೆ. ಉಳಿದ ಲೆಕ್ಕ ಹೇಳಲೇಬೇಕು. ದಂಗೆ ಸೋತ ಆರು ತಿಂಗಳಿಗೆ, 1961ರ ಅಕ್ಟೋಬರ್ 17ರಂದು, ಕರ್ಫ್ಯೂ ವಿರುದ್ಧ ಪ್ಯಾರಿಸಿನಲ್ಲಿ ಆಲ್ಜೀರಿಯನ್ನರು ಕೈಯಲ್ಲಿ ಏನೂ ಇಲ್ಲದೆ ಮೆರವಣಿಗೆ ಹೊರಟರು. ಪೊಲೀಸರು ಅವರನ್ನು ಹೊಡೆದು ಕೊಂದರು, ಸೇನ್ ನದಿಗೆ ಎಸೆದರು. ಸರ್ಕಾರ ಒಪ್ಪಿಕೊಂಡ ಸಾವು ಬೆರಳೆಣಿಕೆಯಷ್ಟು. ಆಗಿನ ಪೊಲೀಸ್ ಮುಖ್ಯಸ್ಥ ಮಾರಿಸ್ ಪಾಪೋನ್. ನಾಜಿ ಆಕ್ರಮಣದ ಕಾಲದಲ್ಲಿ ಬೋರ್ಡೋದಿಂದ ಯಹೂದಿಗಳನ್ನು ಸಾಗಿಸಿದ್ದರಲ್ಲಿ ಪಾಲುಗೊಂಡದ್ದಕ್ಕೆ 1998ರಲ್ಲಿ ಶಿಕ್ಷೆಯಾದದ್ದು ಇದೇ ಮನುಷ್ಯನಿಗೆ. ಏಪ್ರಿಲಿನಲ್ಲಿ ಉಳಿಸಿಕೊಂಡ ಗಣರಾಜ್ಯದ ರಾಜಧಾನಿಯಲ್ಲೇ ಅಕ್ಟೋಬರಿನಲ್ಲಿ ಇದು ನಡೆಯಿತು. ಹರ್ಕಿಗಳ ವಿಷಯದಲ್ಲಿ ಸ್ಯಾಂ ಮಾರ್ಕ್‌ಗೆ ಇದ್ದ ಭಯವೂ ನಿಜವಾಯಿತು. 1962ರ ಜುಲೈ 5ರಂದು ಆಲ್ಜೀರಿಯಾ ಸ್ವತಂತ್ರವಾಯಿತು. ಬಹುಪಾಲು ಹರ್ಕಿಗಳನ್ನು ಫ್ರಾನ್ಸ್ ಅಲ್ಲೇ ಬಿಟ್ಟಿತು. ಸಾವಿರಾರು ಜನ ಕೊಲೆಯಾದರು. ತಪ್ಪಿಸಿಕೊಂಡು ಬಂದವರನ್ನು ಫ್ರಾನ್ಸಿನಲ್ಲಿ ಮುಳ್ಳುತಂತಿಯ ಶಿಬಿರಗಳಲ್ಲಿಟ್ಟರು.

ಜನರಲ್‌ಗಳಿಗೆ ಏನಾಯಿತು? ಶಾಲ್ ಮತ್ತು ಜೆಲ್ಲೆರ್‌ಗೆ ಹದಿನೈದು ವರ್ಷ ಶಿಕ್ಷೆ. ಜುವೋಗೆ ಮರಣದಂಡನೆ, ಆಮೇಲೆ ಅದು ಜೀವಾವಧಿಗೆ ಇಳಿಯಿತು. ಸಲಾಂಗೆ ಜೀವಾವಧಿ. 1968ರ ಹೊತ್ತಿಗೆ ಎಲ್ಲರೂ ಹೊರಗೆ. 1982ರಲ್ಲಿ ಅಧ್ಯಕ್ಷ ಮಿತ್ತರಾಂ, ಉಳಿದಿದ್ದ ಸಲಾಂ ಮತ್ತು ಜುವೋ ಸೇರಿದಂತೆ ದಂಗೆಯ ಅಧಿಕಾರಿಗಳಿಗೆ ಹುದ್ದೆಯ ಗೌರವ ಮರಳಿ ಕೊಡುವ ಕಾನೂನು ತಂದರು. ಸ್ವಂತ ಪಕ್ಷದ ಸಂಸದರೇ ವಿರೋಧಿಸಿದರು. ಮತಕ್ಕೆ ಹಾಕದೆ ಕಾನೂನು ಪಾಸು ಮಾಡುವ ಸಂವಿಧಾನದ 49ನೇ ವಿಧಿ ಬಳಸಿ ಅದನ್ನು ದಾಟಿಸಿದರು. ಸಂಸತ್ತನ್ನು ಮೀರಲು ಹೋದವರ ಮರ್ಯಾದೆ ಉಳಿಸಲು ಸಂಸತ್ತಿನ ಮತವನ್ನೇ ಬದಿಗಿಟ್ಟದ್ದು ನನಗೆ ಇವತ್ತಿಗೂ ನುಂಗಲಾಗದ ಸಂಗತಿ.

2011ರ ನವೆಂಬರಿನಲ್ಲಿ ಸ್ಯಾಂ ಮಾರ್ಕ್‌ಗೆ ಫ್ರಾನ್ಸಿನ ಅತ್ಯುನ್ನತ ಗೌರವ ಸಿಕ್ಕಿತು, ಅಧ್ಯಕ್ಷ ಸಾರ್ಕೋಜಿ ಕೈಯಿಂದ. ಆತ ಅನುಭವಿಸಿದ್ದನ್ನು ನೆನೆದರೆ ಅದಕ್ಕೆ ತಕರಾರು ತೆಗೆಯಲು ಮನಸ್ಸು ಬರುವುದಿಲ್ಲ. ಸೇನ್ ನದಿಯಲ್ಲಿ ತೇಲಿದವರ ಬಗ್ಗೆ ಫ್ರಾನ್ಸಿನ ಅಧ್ಯಕ್ಷರೊಬ್ಬರು ಮೊದಲ ಸಲ ಒಪ್ಪಿಕೊಂಡು ಮಾತಾಡಿದ್ದು ಅದರ ಮುಂದಿನ ವರ್ಷ, 2012ರ ಅಕ್ಟೋಬರ್ 17ರಂದು. ಐವತ್ತೊಂದು ವರ್ಷ ಬೇಕಾಯಿತು. ಆ ಏಪ್ರಿಲಿನಲ್ಲಿ ಬ್ಯಾರಕ್ಕಿನಲ್ಲಿ ಕೂತು ಒಲ್ಲೆ ಅಂದ ಹುಡುಗರಲ್ಲಿ ಬದುಕಿರುವವರು ಈಗ ಎಂಬತ್ತು ದಾಟಿದ ಅಜ್ಜಂದಿರು.